ಕೋಟು ಹೇಳಿದ ಸುಳ್ಳು

ವೇಷಭೂಷಣದ ಕೋಣೆಯಿಂದ,
ಗುರುವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ದೊರೆಗೆ,

ಪರಾಕು ಕೂಗುವವರು ಯಾರೂ ಇಲ್ಲವಾದ್ದರಿಂದ ನಾನೇ ಕೂಗಿಕೊಂಡು ಒಳಗೆ ಬರುತ್ತಿದ್ದೇನೆ. ಪರದೆ ಏಳಲಿ, ಬೆಳಕು ಬೀಳಲಿ, ಕೆಮ್ಮುವವರು ಕೆಮ್ಮಿ ಮುಗಿಸಲಿ! ಬರುತ್ತಿರುವವಳು ಮಹಾರಾಣಿಯಲ್ಲ. ಇಪ್ಪತ್ತೆರಡು ವರ್ಷದಿಂದ ನಿಮ್ಮ ಹೆಂಡತಿ, ಅದಕ್ಕೂ ನಾಲ್ಕು ವರ್ಷ ಮೊದಲಿನಿಂದ ನಿಮ್ಮ ನಾಟಕ ಕಂಪನಿಯ ದರ್ಜಿ, ಸೈಡ್‌ವಿಂಗಿನ ಕತ್ತಲಲ್ಲಿ ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ನಿಂತು ನಿಮ್ಮ ಒಂದೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡವಳು. ನೀವು ‘ಕತ್ತರಿ’ ಎಂದು ಕರೆಯುವವಳು.

ಮುಂದೆ ಓದುವ ಮೊದಲು ಒಂದು ಅಪ್ಪಣೆ. ಹೌದು, ದೊರೆಗೇ ಅಪ್ಪಣೆ. ನಿಮ್ಮ ಅಕ್ಕ ತಂದಿಟ್ಟ ತಟ್ಟೆ ನಿಮ್ಮ ಪಕ್ಕದಲ್ಲೇ ಇರುತ್ತದೆ, ನನಗೆ ಗೊತ್ತು. ಅದರಲ್ಲಿ ಅರ್ಧವನ್ನಾದರೂ ತಿನ್ನಿ. ನಿನ್ನೆ ಅತ್ತಿಗೆ ಫೋನ್ ಮಾಡಿದ್ದರು. ಅವರ ಗಂಟಲು ಎಂದೂ ಅಷ್ಟು ಸಣ್ಣದಾಗಿ ಕೇಳಿಸಿದ್ದಿಲ್ಲ. “ನೋಡಮ್ಮಾ, ಇವನು ಬೇಯಿಸಿದ ತರಕಾರಿ ನಾಲ್ಕು ಚಮಚ ತಿಂತಾನೆ, ತಟ್ಟೆ ಆಚೆ ತಳ್ತಾನೆ. ಕೇಳಿದ್ರೆ, ‘ಅಕ್ಕಾ, ನಂದು ಗಾಳಿ ಕುಡಿದ್ರೂ ಉಬ್ಬೋ ಮೈ. ನಾಲ್ಕು ತಿಂಗಳು ಒದ್ದಾಡಿದ್ರೂ ಒಂದು ಬೆರಳು ಇಳೀಲಿಲ್ಲ. ಇನ್ನೂ ಕಮ್ಮಿ ಮಾಡ್ಬೇಕು’ ಅಂತಾನೆ. ಎದ್ದು ನಿಂತ್ರೆ ಗೋಡೆ ಹಿಡ್ಕೋತಾನೆ ಕಣೇ. ಇಲ್ಲಿಗೆ ಬರ್ಬೇಡ, ನಿನ್ನ ಮುಖ ನೋಡೋಕೆ ನಾಚಿಕೆ ಅಂತಾನೆ. ಬಂದ್ರೆ ಬಾಗಿಲು ಹಾಕ್ಕೋತಾನಂತೆ. ನೀನಾದ್ರೂ ಏನಾದ್ರೂ ಬರಿ.”

ಬರೆಯುತ್ತಿದ್ದೇನೆ. ನಿಮ್ಮ ಮೈ ನಿಮಗೆ ಮೋಸ ಮಾಡಿಲ್ಲ. ಮಾಡಿದವಳು ನಾನು. ಈ ಒಂದು ಸಾಲಿಗಾಗಿ ಒಂಬತ್ತು ದಿನದಿಂದ ಕಾಗದ ಹರಿದು ಹರಿದು ಎಸೆದಿದ್ದೇನೆ. ಇದನ್ನು ಓದಿದ ಮೇಲೆ ನೀವು ನಮ್ಮ ಮನೆಗೆ ಬರುತ್ತೀರೋ ಇಲ್ಲವೋ ನನಗೆ ತಿಳಿಯದು. ಬರೆಯದೆ ಇದ್ದರೆ ನೀವು ಬದುಕುತ್ತೀರೋ ಇಲ್ಲವೋ ಎಂಬುದೂ ತಿಳಿಯದು. ಎರಡನ್ನೂ ತೂಗಿ ನೋಡಿ ಪೆನ್ನು ಹಿಡಿದಿದ್ದೇನೆ.

ಮೊದಲ ಅಂಕದಿಂದಲೇ ಬರುತ್ತೇನೆ.

ನಿಮ್ಮನ್ನು ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ದವಳು ನಾನೇ. ಸಿಂಹಾಸನದ ಮೂರು ಮೆಟ್ಟಿಲು ಹತ್ತುವಾಗ ನಿಮ್ಮ ಮಂಡಿಯ ಸದ್ದು ಮುಂದಿನ ಸಾಲಿಗೂ ಕೇಳಿಸುತ್ತಿತ್ತು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಡಾಕ್ಟರು ರಕ್ತ ನೋಡಿ, ಸಕ್ಕರೆ ಬಾಗಿಲಲ್ಲೇ ನಿಂತಿದೆ, ಒಳಗೆ ಬರುವ ಮೊದಲು ತೂಕದಲ್ಲಿ ಹತ್ತನೇ ಒಂದು ಭಾಗ ಇಳಿಸಿ, ಅಷ್ಟು ಸಾಕು ಎಂದರು. ನೂರಮೂವತ್ತು ಕಿಲೋದಲ್ಲಿ ಹದಿಮೂರು. ನೀವು ನಕ್ಕು, “ಡಾಕ್ಟ್ರೇ, ಅಷ್ಟು ನನ್ನ ಕಿರೀಟಾನೇ ತೂಗುತ್ತೆ” ಎಂದಿರಿ. ಡಾಕ್ಟರು ನಗಲಿಲ್ಲ. ಚೀಟಿ ಬರೆದು ಮೂರನೇ ಮಹಡಿಯ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಕುಳಿತಿದ್ದಳು ಆಹಾರ ತಜ್ಞೆ. ನಮ್ಮ ಕಂಪನಿಯವರ ಬಾಯಲ್ಲಿ ‘ತಟ್ಟೆಯಮ್ಮ’.

ಅಂದು ನಾನು ಬಾಗಿಲ ಹೊರಗೇ ಉಳಿದೆ. ಒಳಗೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಆ ಸಂಜೆ ನೀವು ಮನೆಗೆ ಬಂದು ಊಟದ ಮೇಜಿನ ಮುಂದೆ ನಿಂತು ಭಾಷಣ ಬಿಗಿದಿರಿ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆಯೋ ಮೊಟ್ಟೆಯೋ ಮೀನೋ, ಉಳಿದ ಕಾಲು ಅನ್ನ ಅಥವಾ ಬ್ರೆಡ್ಡು. ಬೆಳಗಿನ ತಿಂಡಿ ತಪ್ಪಿಸುವಂತಿಲ್ಲ. ಉಪವಾಸ ಕೂಡದು. ಯಾವುದೂ ವರ್ಜ್ಯವಲ್ಲ, ಸಿಹಿಯೂ ಅಲ್ಲ, ಆದರೆ ಕುಳಿತು ತಿನ್ನಬೇಕು, ನಿಂತು ಬಾಯಿಗೆ ಎಸೆದುಕೊಳ್ಳಬಾರದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಗೆಲುವು. “ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ ಅವರು!” ಎಂದಿರಿ.

ಚೆನ್ನಾಗಿ ಹೇಳ್ತಾರೆ! ರೀ, ನಾನು ಹನ್ನೆರಡು ವರ್ಷದಿಂದ ಏನು ಹೇಳುತ್ತಿದ್ದೆ? ನಿಂತುಕೊಂಡು ತಿನ್ನಬೇಡಿ ಎಂದರೆ, “ಏನು ತುತ್ತು ಎಣಿಸ್ತೀಯೇನೇ?” ಎಂದು ಗುಡುಗುತ್ತಿದ್ದಿರಿ. ಒಂದು ವರ್ಷ ಎಲೆಕೋಸಿನ ನೀರು ಕುಡಿಸಿದೆ, ಎಂಟು ದಿನಕ್ಕೆ ಪಾತ್ರೆ ಸಿಂಕಿಗೆ ಸುರಿದಿರಿ. ಇನ್ನೊಂದು ವರ್ಷ ಬರೀ ಮೊಟ್ಟೆಯ ವಾರ. ಆಮೇಲೆ ಬೆಳಗಾಗೆದ್ದು ಜೇನು, ನಿಂಬೆ. ಅನ್ನ ಬಿಡಿಸಿದ ಆ ತಿಂಗಳಲ್ಲಂತೂ ನಿಮ್ಮ ಸಿಟ್ಟಿಗೆ ಹೆದರಿ ಕಂಪನಿಯ ರಾಕ್ಷಸ ಪಾತ್ರಧಾರಿಯೇ ದೂರ ನಿಲ್ಲುತ್ತಿದ್ದ. ಒಂದೊಂದರಲ್ಲೂ ಐದು ಕಿಲೋ ಇಳಿದು ಏಳು ಕಿಲೋ ಏರಿದಿರಿ. ಸರಿ, ನನ್ನ ದಾರಿ ತಪ್ಪು, ಅವಳ ದಾರಿ ಸರಿ. ಒಪ್ಪಿದೆ. ಈಗ ಒಪ್ಪಿದ್ದೇನೆ. ಅಂದು ಒಪ್ಪಲಿಲ್ಲ. ಅಂದು ನನ್ನ ಕಿವಿಗೆ ಬಿದ್ದದ್ದು ಒಂದೇ ಪದ: ‘ಅವರು’. ಅವರು ಅಂದ್ರು, ಅವರು ಕೇಳಿದ್ರು, ಅವರು ನಕ್ಕರು. ಒಂದು ಸಂಜೆ ನಾನು ಹೊಲಿಯುತ್ತಾ ಎಣಿಸಿದೆ. ಹತ್ತೊಂಬತ್ತು ಸಲ.

ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವಳ ಭೇಟಿ. ಗುರುವಾರ ಬೆಳಗ್ಗೆಯೇ ನೀವು ಷರಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದಿರಿ, ನೀವೇ, ನಿಮ್ಮ ಕೈಯಾರೆ. ಮದುವೆಯ ದಿನವೂ ನಿಮ್ಮ ಷರಟನ್ನು ಇಸ್ತ್ರಿ ಮಾಡಿದ್ದು ನಾನು. ಅತ್ತರು ಹಚ್ಚಿಕೊಂಡು, ಕನ್ನಡಿಯಲ್ಲಿ ಹುಬ್ಬು ತಿದ್ದಿಕೊಂಡು, ಹಾಡು ಗುನುಗುತ್ತಾ ಹೊರಟರೆ ನನ್ನ ಎದೆಯೊಳಗೆ ಯುದ್ಧದ ನಗಾರಿ. ಯಾರಿವಳು? ಜಿಂಕೆಗಣ್ಣಿನವಳೇ? ಬಳುಕುವವಳೇ? ತಾನು ಕಡ್ಡಿಯಂತಿದ್ದು ನನ್ನ ಗಂಡನಿಗೆ ಅನ್ನದ ಕಾಲುಭಾಗ ಅಳೆದು ಕೊಡುವವಳೇ?

ಮೂರನೇ ಗುರುವಾರ ನಿಮ್ಮ ಹಿಂದೆಯೇ ಬಂದೆ. ಹೌದು, ಬಂದೆ. ಕಂಪನಿಯ ಮುದುಕಿ ಪಾತ್ರದ ಶಾಲು ಹೊದ್ದು, ಮೂರನೇ ಮಹಡಿಯ ಬೆಂಚಿನ ಮೇಲೆ ರೋಗಿಗಳ ನಡುವೆ ರೋಗಿಯಾಗಿ ಕುಳಿತೆ. ಬಾಗಿಲು ಸ್ವಲ್ಪ ತೆರೆದಿತ್ತು.

ಅವಳು ನನಗಿಂತ ದಪ್ಪ ಇದ್ದಾಳೆ ಕಣ್ರೀ! ಐವತ್ತೈದು ದಾಟಿದವಳು. ಸವೆದ ಚಪ್ಪಲಿ, ಕುತ್ತಿಗೆಗೆ ತೂಗುಬಿದ್ದ ಕನ್ನಡಕ. ಮೇಜಿನ ಮೇಲೆ ಸುಳ್ಳು ಊಟ: ರಬ್ಬರಿನ ಮೊಟ್ಟೆ, ಪ್ಲಾಸ್ಟರಿನ ಅನ್ನದ ಗುಡ್ಡೆ, ಬಣ್ಣ ಕಿತ್ತುಹೋದ ಬ್ರೆಡ್ಡು. ನಮ್ಮ ರಂಗಸಜ್ಜಿಕೆಯವನು ಅದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ನೀವು ಅವುಗಳನ್ನು ತಟ್ಟೆಯಲ್ಲಿ ಜೋಡಿಸಿ ತೋರಿಸುತ್ತಿದ್ದಿರಿ, ಮೊದಲ ದಿನ ಶಾಲೆಗೆ ಹೋದ ಹುಡುಗನ ಹಾಗೆ. ಒಂಬತ್ತು ವರ್ಷದಿಂದ ಹೌಸ್‌ಫುಲ್ ನಡೆದಿರುವ ನಾಟಕದ ತಿಂಡಿಪೋತ ದೊರೆ, ಸೈಡ್‌ವಿಂಗಿನಿಂದ ಮೊದಲು ಹೊಟ್ಟೆ ಹೊರಬಂದು ಚಪ್ಪಾಳೆ ಗಿಟ್ಟಿಸಿ ಆಮೇಲೆ ತಾನು ಬರುವ ದೊರೆ, ಅಲ್ಲಿ ರಬ್ಬರಿನ ಮೊಟ್ಟೆ ಹಿಡಿದು, “ಇದು ಇಲ್ಲಿ ಸರೀನಾ ಮೇಡಂ?” ಎಂದು ಕೇಳುತ್ತಿದ್ದ.

ಅವಳು ಸುಂದರಿಯಾಗಿದ್ದರೆ ನನಗೊಂದು ದಾರಿ ಇತ್ತು. ಜಗಳ ಆಡುತ್ತಿದ್ದೆ, ಅಳುತ್ತಿದ್ದೆ, ಹೊಸ ಸೀರೆ ಉಡುತ್ತಿದ್ದೆ. ಅವಳು ಮಾಡಿದ್ದು ಏನು? ಗಲ್ಲಕ್ಕೆ ಕೈ ಕೊಟ್ಟು ನಿಮ್ಮ ಮಾತು ಕೇಳಿದಳು. ನೀವು ಮಾತಾಡಿದಿರಿ. ನಾಟಕದ ಗಂಟಲಲ್ಲಲ್ಲ, ನಾನು ಎಂದೂ ಕೇಳಿರದ ಒಂದು ಸಣ್ಣ ಗಂಟಲಲ್ಲಿ. ಬೆಂಚಿನ ಮೇಲೆ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಪಿಸುಗುಟ್ಟಬಲ್ಲ ನನ್ನ ಗಂಡ, ನನಗೆ ಕೇಳದ ಹಾಗೆ ಇನ್ನೊಬ್ಬಳಿಗೆ ಏನೋ ಹೇಳುತ್ತಿದ್ದ!

ಅದಾದ ಮೇಲೆ ಆ ನೋಟ್‌ಬುಕ್ಕನ್ನು ಓದದೆ ಇರುವುದು ನನ್ನಿಂದ ಹೇಗೆ ಸಾಧ್ಯ, ಹೇಳಿ.

ನೀಲಿ ರಟ್ಟಿನ ನೋಟ್‌ಬುಕ್ಕು. ಅವಳೇ ಗೆರೆ ಹಾಕಿ ಕೊಟ್ಟದ್ದು. ಎಷ್ಟು ಹೊತ್ತಿಗೆ ತಿಂದಿರಿ, ಏನು, ಎಷ್ಟು, ಹಸಿವು ಹತ್ತರಲ್ಲಿ ಎಷ್ಟಿತ್ತು, ಆಗ ಮನಸ್ಸಿನಲ್ಲಿ ಏನಿತ್ತು. ಕೊನೆಯ ಅಂಕಣ ಎಲ್ಲಕ್ಕಿಂತ ಅಗಲ. ನೀವು ಸ್ನಾನಕ್ಕೆ ಹೋಗಿದ್ದಾಗ ತೆರೆದೆ. “ಸಂಜೆ ಆರು. ಬಿಸ್ಕತ್ತು, ನಾಲ್ಕು. ಹಸಿವು: ಎರಡು. ಮನಸ್ಸಿನಲ್ಲಿ: ಭಯ. ಈ ಹೊಟ್ಟೆ ಹೋದರೆ ಪಾತ್ರ ಹೋಗುತ್ತದೆ. ಪಾತ್ರ ಹೋದ ಮೇಲೆ ನನ್ನನ್ನು ಯಾರು ದೊರೆ ಎನ್ನುತ್ತಾರೆ?” ಅದರ ಕೆಳಗೆ: “ಮಧ್ಯಾಹ್ನ ಎರಡು. ಅನ್ನ, ಜಾಸ್ತಿ. ಹಸಿವು: ಮೂರು. ಮನಸ್ಸಿನಲ್ಲಿ: ಅಪ್ಪನ ನೆನಪು. ಅವರು ತಟ್ಟೆಯಲ್ಲಿ ಬಿಟ್ಟರೆ ಹೊಡೆಯುತ್ತಿದ್ದರು.”

ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ನಾನು ಕೇಳಿದ್ದೇನೆ, “ಏನು ಯೋಚನೆ ಮಾಡ್ತಾ ಇದೀರಿ?” ಎಂದು. ನೀವು ಹೇಳಿದ್ದು ಒಂದೇ ಉತ್ತರ: “ಏನಿಲ್ಲ.” ನಿಮ್ಮ ಅಪ್ಪ ಹೊಡೆಯುತ್ತಿದ್ದರೆಂದು ನನಗೆ ತಿಳಿದದ್ದು ಅನ್ನದ ಲೆಕ್ಕದ ಪುಸ್ತಕದಿಂದ. ಪಾತ್ರ ಹೋಗುತ್ತದೆಂಬ ಭಯವಂತೆ! ನನಗೆ ಒಂದು ಮಾತು ಹೇಳಿದ್ದರೆ ಒಂದು ಬೆಳಗಿನಲ್ಲಿ ಹತ್ತಿ ತುಂಬಿದ ಹೊಟ್ಟೆ ಹೊಲಿದು ಕೊಡುತ್ತಿದ್ದೆ. ನಿಜವಾದದ್ದಕ್ಕಿಂತ ಚೆನ್ನಾಗಿ ಕುಲುಕುವಂಥದ್ದು. ದರ್ಜಿಯನ್ನು ಮನೆಯಲ್ಲಿ ಇಟ್ಟುಕೊಂಡು ಬಟ್ಟೆಯ ಚಿಂತೆಯನ್ನು ಅಡುಗೆಯ ಪಂಡಿತೆಗೆ ಹೇಳುತ್ತಾರಾ ಯಾರಾದರೂ?

ಇನ್ನು ಕೋಟಿನ ವಿಷಯಕ್ಕೆ ಬರುತ್ತೇನೆ. ನೀರು ಕುಡಿದು ಬಂದೆ, ಬರೆಯುತ್ತೇನೆ.

ತಟ್ಟೆಯಮ್ಮನದೊಂದು ಪದ್ಧತಿ. ತಕ್ಕಡಿಯ ಮೇಲೆ ನಿಮ್ಮನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾಳೆ. ಅಂಕಿ ಅವಳು ನೋಡಿ ಬರೆದುಕೊಳ್ಳುತ್ತಾಳೆ, ನಿಮಗೆ ಹೇಳುವುದಿಲ್ಲ. ಅಂಕಿ ಕಂಡವರು ಒಂದು ದಿನ ಏರಿದರೆ ಕುಸಿಯುತ್ತಾರೆ, ಒಂದು ದಿನ ಇಳಿದರೆ ಹಬ್ಬ ಮಾಡಿ ತಿನ್ನುತ್ತಾರೆ ಎಂಬುದು ಅವಳ ಅನುಭವವಂತೆ. “ಮನೆಯಲ್ಲೂ ತೂಕ ನೋಡ್ಕೋಬೇಡಿ. ಸದಾ ಹಾಕೋ ಒಂದು ಬಟ್ಟೆ ಇಟ್ಕೊಳ್ಳಿ, ಅದೇ ನಿಮಗೆ ಹೇಳುತ್ತೆ” ಎಂದಳಂತೆ. ನೀವು ಆರಿಸಿಕೊಂಡದ್ದು ದೊರೆಯ ಕೋಟು. ವಾರಕ್ಕೆ ಮೂರು ಪ್ರಯೋಗ, ಮೂರು ಸಲ ತೊಡುವ ಕೆಂಪು ಮಖಮಲ್ಲಿನ ಕೋಟು, ಬೆನ್ನ ಮೇಲೆ ಎದುರುಬದುರು ಗರ್ಜಿಸುವ ಎರಡು ಜರಿಯ ಸಿಂಹ. ಸೊಂಟ ಐವತ್ತೆರಡು ಇಂಚು.

ಆರನೇ ವಾರ, ಶುಕ್ರವಾರದ ಪ್ರಯೋಗಕ್ಕೆ ಮುಂಚೆ ನಾನು ಗುಂಡಿ ಹಾಕುತ್ತಿದ್ದೆ. ಹೊಟ್ಟೆಯ ಮೇಲಿನ ಆ ಹಟಮಾರಿ ಗುಂಡಿ, ನಾನು ಮೊಣಕಾಲು ಊರಿ ಎಳೆದರೆ ಮಾತ್ರ ಸೇರುವಂಥದ್ದು, ತಾನೇ ಹೋಗಿ ಕಾಜಾದಲ್ಲಿ ಕುಳಿತಿತು. ನೀವು ಉಸಿರು ಬಿಟ್ಟಿರಿ. ಗುಂಡಿ ಅಲುಗಲಿಲ್ಲ. “ಏ ಕತ್ತರೀ! ಬಿತ್ತು ಕಣೇ! ಸಲೀಸಾಗಿ ಬಿತ್ತು!” ಎಂದು ಕೂಗಿದಿರಿ. ನಾನು ಎದ್ದು ನಿಂತೆ. ಎರಡೂ ಕೈ ಚಾಚಿದ್ದೆ ರೀ, ನಿಮ್ಮನ್ನು ಅಪ್ಪಿಕೊಳ್ಳೋಣವೆಂದು. ನೀವು ನನ್ನನ್ನು ದಾಟಿ ಹೋದಿರಿ. “ಇದನ್ನ ಅವರಿಗೆ ಬರೀಬೇಕು, ಮರೆತುಬಿಡ್ತೀನಿ!” ಎನ್ನುತ್ತಾ ನೀಲಿ ನೋಟ್‌ಬುಕ್ಕು ಹುಡುಕಿದಿರಿ. ನನ್ನ ಕೈ ಗಾಳಿಯಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ನೀವೆಲ್ಲ ತಾಲೀಮಿನಲ್ಲಿದ್ದಾಗ ಕೋಟಿನ ಲೈನಿಂಗ್ ಬಿಚ್ಚಿದೆ. ನಾಟಕದ ಬಟ್ಟೆಯಲ್ಲಿ ಯಾವಾಗಲೂ ಒಳಗೆ ಧಾರಾಳ ಬಟ್ಟೆ ಬಿಟ್ಟಿರುತ್ತೇವೆ, ನಾಳೆ ಯಾವ ಮೈಗೆ ಬೇಕಾಗುತ್ತದೋ ಎಂದು. ಹಿಡಿಯಲೂ ಸುಲಭ, ಬಿಡಲೂ ಸುಲಭ. ಬೆನ್ನ ನಡುವಿನ ಹೊಲಿಗೆಯನ್ನು ಅರ್ಧ ಬೆರಳು ಒಳಕ್ಕೆ ಹಿಡಿದು ಬಿಗಿಮಾಡಿದೆ. ಹಳೆಯ ಗೀರು ಕಾಣದಂತೆ ಹಬೆ ಕೊಟ್ಟು ಇಸ್ತ್ರಿ ಮಾಡಿದೆ. ಅಂದು ಮಧ್ಯಾಹ್ನ ಗುಂಡಿ ಮತ್ತೆ ಹಟ ಹಿಡಿಯಿತು. ನಿಮ್ಮ ಮುಖ ಇಳಿಯಿತು. ನೋಟ್‌ಬುಕ್ಕು ತೆರೆಯಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಹೊಲಿಗೆ ಯಂತ್ರ ತುಳಿಯುತ್ತಾ ಹಾಡಿದೆ.

ಒಂದೇ ಸಲ ಎಂದುಕೊಂಡಿದ್ದೆ. ಆದರೆ ನೀವು ಇಳಿಯುತ್ತಲೇ ಇದ್ದಿರಿ, ಅವಳ ತಟ್ಟೆ ನಿಜವಾಗಿ ಕೆಲಸ ಮಾಡುತ್ತಿತ್ತು. ಒಂದು ವಾರ ಬಿಟ್ಟರೂ ನನ್ನ ಗುಟ್ಟು ಬಯಲಾಗುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ಬಿಚ್ಚಿದೆ, ಹಿಡಿದೆ, ಹೊಲಿದೆ. ಪ್ಯಾಂಟು, ಷರಟು, ಚಳಿಯ ಕೋಟು, ಹೊರಗೆ ಕಾಣುವ ನಿಮ್ಮ ಒಂದೊಂದು ಬಟ್ಟೆಯೂ ನನ್ನ ಕೈಯದೇ ಅಲ್ಲವೇ? ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿದೆ. ನಿಮ್ಮ ಮೈ ಓಡುತ್ತಿತ್ತು, ನನ್ನ ಸೂಜಿ ಅದರ ಹಿಂದೆ ಓಡುತ್ತಿತ್ತು. ಬೆನ್ನ ಮೇಲಿನ ಸಿಂಹಗಳು ಅರ್ಧ ಗೇಣು ದೂರ ಇದ್ದವು, ಕೊನೆಕೊನೆಗೆ ಒಂದರ ಮೂಗು ಒಂದಕ್ಕೆ ತಾಗಿ ಮುತ್ತಿಡುತ್ತಿದ್ದವು. ಯಾರೂ ನೋಡಲಿಲ್ಲ. ದೊರೆಯ ಬೆನ್ನನ್ನು ಯಾರು ನೋಡುತ್ತಾರೆ?

ಜನ ಹೇಳಿದರು. ಮಹಾರಾಣಿ ಪಾತ್ರದವಳು, “ಏನು ದೊರೆ, ಇಳಿದುಹೋಗಿದೀರಲ್ಲ!” ಎಂದಳು. ರಂಗದ ಹಿಂದೆ ಸಿಗುವ ಹೊಗಳಿಕೆಯನ್ನು ನಂಬುವವನು ನಟನೇ ಅಲ್ಲ ಎನ್ನುವವರು ನೀವು. ನಂಬಲಿಲ್ಲ. ಅವಳೂ ಹೇಳಿದಳು, ತಟ್ಟೆಯಮ್ಮ. “ಚೆನ್ನಾಗಿ ಇಳೀತಾ ಇದೆ, ಸ್ವಲ್ಪ ಜೋರಾಗೇ. ಒಂದು ತುಂಡು ಬ್ರೆಡ್ಡು ಸೇರಿಸಿಕೊಳ್ಳಿ” ಎಂದಳಂತೆ. ಮನೆಗೆ ಬಂದು ನೀವು ಕುರ್ಚಿಯಲ್ಲಿ ಕುಸಿದು, “ಪಾಪ, ನನ್ನ ಸಮಾಧಾನಕ್ಕೆ ಹೇಳ್ತಾರೆ. ಕೋಟು ಸುಳ್ಳು ಹೇಳಲ್ಲ. ಅದನ್ನ ಹೊಲಿದಿದ್ದು ನೀನು” ಎಂದಿರಿ.

ಆ ಕ್ಷಣ ಹೇಳಬೇಕಿತ್ತು. ನಾಲಗೆಯ ತುದಿಯಲ್ಲಿತ್ತು. ಆದರೆ ದೊರೆ, ಮೊದಲ ಸಲ ನೀವು ಅವಳ ಮಾತಿಗಿಂತ ನನ್ನ ಕೈಯನ್ನು ನಂಬಿದ್ದಿರಿ. ಅದನ್ನು ನಾನು ಹೇಗೆ ಬಿಟ್ಟುಕೊಡಲಿ? ಸೂಜಿಗೆ ದಾರ ಪೋಣಿಸಿದೆ.

ಇನ್ನು ಬರೆಯುವುದು ಅದಕ್ಕಿಂತ ಕೀಳು. ಮುಖಕ್ಕೆ ಬೆಳಕು ಬಿಡಿ, ಇದನ್ನು ಕತ್ತಲಲ್ಲಿ ಹೇಳಲಾರೆ.

ಹತ್ತನೇ ವಾರದಿಂದ ನೀವು ಊಟ ಬಿಡತೊಡಗಿದಿರಿ. ಮೊದಲು ಸಂಜೆಯದು, ಆಮೇಲೆ ಬೆಳಗಿನದು. ಕಡೆಗೆ ಕಪ್ಪು ಕಾಫಿ, ಹಸಿ ಸೌತೆಕಾಯಿ, ಬೇಯಿಸಿದ ಎರಡು ಹೂಕೋಸು. ನಾನು ಕಟ್ಟಿಕೊಟ್ಟ ಡಬ್ಬಿಯ ಅನ್ನವನ್ನು ರಂಗಮಂದಿರದ ಹಿಂದಿನ ಬೆಕ್ಕುಗಳಿಗೆ ಹಾಕುತ್ತಿದ್ದಿರಿ. ನನ್ನ ಕಿಟಕಿಯಿಂದ ಕಾಣುತ್ತದೆ ರೀ. ಆದರೂ ನೋಟ್‌ಬುಕ್ಕಿನಲ್ಲಿ ಏನು ಬರೆದಿರಿ? “ಮಧ್ಯಾಹ್ನ ಒಂದು. ಅನ್ನ ಕಾಲು ತಟ್ಟೆ, ಬೇಳೆ ಕಾಲು, ತರಕಾರಿ ಅರ್ಧ. ಹಸಿವು: ಆರು. ಮನಸ್ಸಿನಲ್ಲಿ: ಏನಿಲ್ಲ.”

ಏನಿಲ್ಲ! ಆ ಪದವನ್ನು ಓದಿ ನಾನು ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು ನಕ್ಕೆ. ಕೊನೆಗೂ ಅವಳಿಗೂ ‘ಏನಿಲ್ಲ’ ಸಿಕ್ಕಿತು! ಈಗ ಅವಳೂ ನನ್ನ ಹಾಗೆಯೇ! ನೀವು ಹಸಿದಿದ್ದೀರೆಂದು ನನಗೆ ಗೊತ್ತಿತ್ತು. ಎಷ್ಟು ಬೇಗ ಕರಗುತ್ತಿದ್ದೀರೆಂದು ಈ ಲೋಕದಲ್ಲಿ ನನ್ನಷ್ಟು ಕರಾರುವಾಕ್ಕಾಗಿ ಬಲ್ಲವರಿರಲಿಲ್ಲ. ಅರ್ಧ ಬೆರಳು ಹಿಡಿಯುತ್ತಿದ್ದವಳು ಒಂದು ಬೆರಳು ಹಿಡಿಯಬೇಕಾಗಿತ್ತು. ಆದರೆ ನಿಮ್ಮ ಹಸಿವಿಗಿಂತ ಅವಳ ಸೋಲು ನನಗೆ ದೊಡ್ಡದಾಗಿ ಕಂಡಿತು. ಕೊನೆಯ ಮೂರು ಗುರುವಾರ ನೀವು ಆಸ್ಪತ್ರೆಗೆ ಹೋಗಲೇ ಇಲ್ಲ. ಪಾರ್ಕಿನ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಎದ್ದು ಬಂದಿರಿ. ಇಳಿಯದ ಮೈಯನ್ನು ಅವಳ ಮುಂದೆ ಒಯ್ಯಲು ನಾಚಿಕೆ ನಿಮಗೆ. ಮುದುಕಿಯ ಶಾಲು ಹೊದ್ದು ಮರದ ಮರೆಯಲ್ಲಿ ನಿಂತಿದ್ದ ನನಗೆ ವಿಜಯೋತ್ಸವ.

ಆಮೇಲೆ ಭಾನುವಾರದ ಮಧ್ಯಾಹ್ನದ ಪ್ರಯೋಗ.

ಎರಡನೇ ಅಂಕ. ನೀವು ಸಿಂಹಾಸನದ ಮೂರನೇ ಮೆಟ್ಟಿಲ ಮೇಲೆ ನಿಂತು, ಕೈ ಎತ್ತಿ, ಆ ದೊಡ್ಡ ಮಾತು ಶುರುಮಾಡಿದಿರಿ. ಅರ್ಧಕ್ಕೆ ನಿಂತಿತು. ಪ್ರಾಂಪ್ಟರು ಎರಡು ಸಲ ಮಾತು ಎತ್ತಿಕೊಟ್ಟ. ನೀವು ಅವನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಆಮೇಲೆ ಇಡೀ ದೊರೆ ಮುಂದಕ್ಕೆ ಉರುಳಿದ. ಕಿರೀಟ ಟಣಟಣ ಎನ್ನುತ್ತಾ ಮೊದಲ ಸಾಲಿನವರ ಕಾಲಬಳಿ ಹೋಗಿ ಬಿತ್ತು. ಜನ ಎದ್ದು ಚಪ್ಪಾಳೆ ಹೊಡೆದರು! ಅಭಿನಯ ಎಂದುಕೊಂಡರು, ಶಿಳ್ಳೆ ಹಾಕಿದರು. ಆ ಚಪ್ಪಾಳೆಯ ನಡುವೆ ನಾನು ಕತ್ತರಿ ಹಿಡಿದು ಓಡಿದೆ. ನಿಮ್ಮ ತುಟಿ ನೀಲಿಯಾಗಿತ್ತು. ಕೋಟು ಎದೆಯನ್ನು ಹಗ್ಗದಂತೆ ಬಿಗಿದಿತ್ತು, ಬಿಗಿದವಳು ನಾನು. ಅಂಚಿನಿಂದ ಕೊರಳಿನವರೆಗೆ ಒಂದೇ ಏಟಿಗೆ ಕತ್ತರಿಸಿದೆ. ಒಳಗಿನ ಬನಿಯನ್ ಅಂಗಡಿಯದು, ಅದನ್ನು ನಾನು ಕುಗ್ಗಿಸಿರಲಿಲ್ಲ; ಒಗೆದು ಒಗೆದು ಜೋತುಬಿದ್ದಿದೆ ಎಂದುಕೊಂಡಿದ್ದಿರಿ ನೀವು. ಅದು ನಿಮ್ಮ ಮೈಮೇಲೆ ಗುಡಾರದಂತೆ ತೂಗುತ್ತಿತ್ತು. ಅದರೊಳಗೆ ನಿಮ್ಮ ಪಕ್ಕೆಲುಬು ನನ್ನ ಕೈಗೆ ಸಿಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರಿಗೆ ನಿಮ್ಮ ಹಳೆಯ ಮೈ ಗೊತ್ತಿಲ್ಲ. ಅವರು ಕಂಡದ್ದು ಈಗಲೂ ದೊಡ್ಡದಾಗಿರುವ ಒಬ್ಬ ಮನುಷ್ಯನನ್ನು. ಗ್ಲೂಕೋಸು ಹಾಕಿ, ಸರಿಯಾಗಿ ತಿನ್ನಿ ಎಂದು ಕಳಿಸಿದರು. ನೀವು ನನ್ನ ಕಡೆ ನೋಡದೆ, ಸುದ್ದಿ ಕೇಳಿ ಓಡಿಬಂದಿದ್ದ ಅತ್ತಿಗೆಯತ್ತ ತಿರುಗಿ, “ಅಕ್ಕಾ, ನಿನ್ನ ಮನೆಗೆ ಕರ್ಕೊಂಡು ಹೋಗು” ಎಂದಿರಿ. ನಿಮಗೆ ಎಲ್ಲ ತಿಳಿದುಹೋಯಿತೆಂದೇ ಅಂದುಕೊಂಡಿದ್ದೆ. ತಿಳಿದಿಲ್ಲವೆಂದು ನಿನ್ನೆ ಅತ್ತಿಗೆಯ ಫೋನಿನಿಂದ ಗೊತ್ತಾಯಿತು. ನಾಚಿಕೆ ಪಡಬೇಕಾದವಳು ಇಲ್ಲಿ ಇದ್ದೇನೆ, ದೊರೆ. ನೀವು ಬಾಗಿಲು ಹಾಕಿಕೊಳ್ಳಬೇಡಿ.

ನಿಮ್ಮ ಬೆನ್ನಳತೆ, ಎದೆಯಳತೆ, ಸೊಂಟ ಎಲ್ಲ ನನ್ನ ಪುಸ್ತಕದಲ್ಲಿವೆ. ಸೊಂಟ ಐವತ್ತೆರಡರಿಂದ ನಲವತ್ತಾರಕ್ಕೆ ಬಂದಿದೆ. ಆರು ಇಂಚು! ನಂಬದಿದ್ದರೆ ಅಕ್ಕನ ಟೇಪು ತೆಗೆದುಕೊಂಡು ಅಳೆದು ನೋಡಿ. ಮೊದಲ ಎರಡೂವರೆ ತಿಂಗಳು ಇಳಿದದ್ದು ಅವಳ ತಟ್ಟೆಯಿಂದ, ನಿಮ್ಮ ನಿಯಮದಿಂದ, ಹೊಟ್ಟೆ ತುಂಬ ತಿಂದು. ಆಮೇಲಿನದು ಇಳಿದದ್ದಲ್ಲ, ಸುಟ್ಟದ್ದು. ಮೊದಲಿನದಕ್ಕೆ ಹೋಗಿ. ಅದು ಸರಿಯಾಗಿತ್ತು.

ಇನ್ನೊಂದು ಪಾಪ ಉಳಿದಿದೆ. ಮ್ಯಾನೇಜರರೂ ಅತ್ತಿಗೆಯೂ ಸೇರಿ ಆಸ್ಪತ್ರೆಗೆ ದೂರು ಬರೆದಿದ್ದಾರೆ. “ಆ ಹೆಂಗಸು ಉಪವಾಸ ಕೆಡವಿ ನಮ್ಮ ದೊರೆಯನ್ನ ಕೊಲ್ಲೋದ್ರಲ್ಲಿದ್ಲು” ಎಂದು ಮ್ಯಾನೇಜರು ಕಂಪನಿಯ ಎಲ್ಲರ ಮುಂದೆ ಮೇಜು ಗುದ್ದಿದರು. ಅವಳನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ರೋಗಿಗಳ ಜೊತೆ ಮಾತಾಡಕೂಡದೆಂದು ಹೇಳಿದ್ದಾರೆ. ಶನಿವಾರ ವಿಚಾರಣೆ. ನನ್ನನ್ನು ಕೇಳಿದಾಗ ನಾನು ತಲೆ ಅಲ್ಲಾಡಿಸಿದೆ. ಹೌದು ಎಂದು. ಮೊದಮೊದಲು ಆ ಸುದ್ದಿಯನ್ನು ಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಈಗ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಬೇರೊಂದು ಹಾಳೆಯಲ್ಲಿ ಕೋಟಿನ ಕಥೆಯನ್ನು ಚುಟುಕಾಗಿ ಬರೆದು ಸಹಿ ಹಾಕಿದ್ದೇನೆ. ಬಿಚ್ಚಿದ ಲೈನಿಂಗ್, ಹೊಲಿಗೆಯ ಗೀರುಗಳು ಎಲ್ಲವನ್ನೂ ಕಟ್ಟಿಟ್ಟಿದ್ದೇನೆ. ಇಂದು ಮಧ್ಯಾಹ್ನ ಆಸ್ಪತ್ರೆಯ ಕಚೇರಿಗೆ ಒಪ್ಪಿಸುತ್ತೇನೆ. ಕಚೇರಿಗೆ. ಅವಳ ಕೈಗಲ್ಲ. ಅವಳ ಮುಖ ನೋಡುವಷ್ಟು ದೊಡ್ಡ ನಟಿ ನಾನಲ್ಲ. ಕಂಪನಿಗೂ ತಿಳಿಯುತ್ತದೆ, ಗೊತ್ತು. ಇಪ್ಪತ್ತಾರು ವರ್ಷದ ಸೂಜಿ ಕೆಳಗಿಡಬೇಕಾಗಿ ಬಂದರೆ ಇಡುತ್ತೇನೆ.

ಕ್ಷಮೆ ಕೇಳುವ ಸಂಭಾಷಣೆ ನನಗೆ ನೂರು ಗೊತ್ತು. ಒಂದನ್ನೂ ಬಳಸುವುದಿಲ್ಲ. ನನ್ನ ಮನಸ್ಸಿನಲ್ಲಿ ಇಂದಿಗೂ ಅವಳ ಬಗ್ಗೆ ಹಿತವಾದ ಭಾವನೆ ಇಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ನೀವು ಎದ್ದು ನಡೆಯುವಂತಾದ ಮೇಲೆ ಅವಳ ಕೋಣೆಗೆ ಹೋಗಿ. ಇಸ್ತ್ರಿ ಷರಟು ತೊಟ್ಟು ಹೋಗಿ. ನಾನು ಹಲ್ಲು ಕಚ್ಚಿಕೊಂಡು ಇಲ್ಲೇ ಇರುತ್ತೇನೆ. ಮನೆಗೆ ಬರುವುದೋ ಬಿಡುವುದೋ ನಿಮ್ಮ ಇಷ್ಟ. ತಿನ್ನುವುದು ಮಾತ್ರ ನಿಮ್ಮ ಇಷ್ಟವಲ್ಲ.

ನಿಮ್ಮವಳೆಂದು ಬರೆದುಕೊಳ್ಳಲು ಅಂಜುತ್ತಿರುವ,
ಕತ್ತರಿ

ತಾ.ಕ.: ಶುಕ್ರವಾರ ಬೆಳಗ್ಗೆ. ಲಕೋಟೆ ಅಂಟಿಸದೆ ಇಟ್ಟಿದ್ದು ಒಳ್ಳೆಯದಾಯಿತು. ಹಾಳೆ, ಕಟ್ಟು ಎರಡೂ ಕಚೇರಿಗೆ ಸೇರಿದವು, ಆದರೆ ನೇರವಾಗಿ ಅಲ್ಲ. ನಿನ್ನೆ ಕಚೇರಿಯ ಗುಮಾಸ್ತ ನನ್ನ ಹಾಳೆಯ ಎರಡು ಸಾಲು ಓದಿ, “ಅವರು ಕೋಣೆ ಖಾಲಿ ಮಾಡೋಕೆ ಬಂದಿದಾರೆ, ಮೊದಲು ಅವರಿಗೇ ತೋರಿಸಿ ಬನ್ನಿ” ಎಂದು ಮೂರನೇ ಮಹಡಿಗೆ ಅಟ್ಟಿದ. ಅವಳು ರಬ್ಬರಿನ ಮೊಟ್ಟೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ನಿಂತಲ್ಲೇ ಪೂರ್ತಿ ಓದಿದಳು. ಬೈಯುತ್ತಾಳೆ, ಅಳುತ್ತಾಳೆ, ಪೊಲೀಸರನ್ನು ಕರೆಯುತ್ತಾಳೆ ಎಂದು ಎದೆ ಸೆಟೆಸಿ ನಿಂತಿದ್ದೆ. ಅವಳು ಕನ್ನಡಕ ತೆಗೆದು ನನ್ನನ್ನು ನೋಡಿ, “ನೀವು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?” ಎಂದು ಕೇಳಿದಳು. ರೀ, ನನಗೆ ಲೆಕ್ಕ ಸಿಗಲಿಲ್ಲ. ಕುರ್ಚಿ ಎಳೆದು ಕೂರಿಸಿದಳು, ಗಲ್ಲಕ್ಕೆ ಕೈ ಕೊಟ್ಟಳು. ಮುಕ್ಕಾಲು ಗಂಟೆ ಮಾತಾಡಿದೆ. ನಿಮಗೂ ಎಂದೂ ಹೇಳದ್ದನ್ನು ಹೇಳಿದೆ. ಏನೆಂದು ಕೇಳಬೇಡಿ, ಹೇಳುವುದಿಲ್ಲ. ಈಗ ಸ್ವಲ್ಪ ನೀವೂ ಹೊಟ್ಟೆ ಉರಿದುಕೊಳ್ಳಿ. ಊಟ ಮಾಡಿದ ಮೇಲೆ.